ಆರೇಳು ಲಕ್ಷಕ್ಕೆ ಸೆಕೆಂಡ್ ಹ್ಯಾಂಡ್ ಎಸ್‌ಯುವಿ: ಮನೆಗೆ ಹೊಂದೋ ಗಾಡಿ ಆರಿಸೋದು ಹೇಗೆ

ಮೊದ್ಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ, ಮುಂದೆ ಹೇಳೋದೆಲ್ಲ ಇದರ ಮೇಲೇ ನಿಂತಿರೋದು. ಗಾಡಿ ಹಳೇದಾಗ್ತಾ ಅದರ ರೇಟ್ ಇಳಿಯುತ್ತೆ, ಆದ್ರೆ ಅದನ್ನ ಸಾಕೋ ಖರ್ಚು ಇಳಿಯಲ್ಲ. ಹೊಸದರಲ್ಲಿ 16-17 ಲಕ್ಷ ಇದ್ದ ದೊಡ್ಡ ಎಸ್‌ಯುವಿ ಇವತ್ತು 6 ಲಕ್ಷಕ್ಕೆ ಸಿಗ್ತಿದೆ ಅಂದ್ರೆ ಅದರ ಟೈರು, ಕ್ಲಚ್ಚು, ಇಂಜೆಕ್ಟರ್ರು, ಹೆಡ್‌ಲೈಟು ಯಾವುದೂ 6 ಲಕ್ಷದ ಗಾಡಿ ರೇಟಿಗೆ ಬರಲ್ಲ, 16 ಲಕ್ಷದ ಗಾಡಿ ರೇಟಿಗೇ ಬರುತ್ತೆ, ವರ್ಷ ವರ್ಷ ಜಾಸ್ತಿನೂ ಆಗಿರುತ್ತೆ. ಹಂಗಾಗಿ "ಇಷ್ಟು ದೊಡ್ಡ ಗಾಡಿ ಇಷ್ಟು ಕಮ್ಮಿಗಾ" ಅಂತ ಅನ್ಸಿದ ತಕ್ಷಣ ಅಡ್ವಾನ್ಸ್ ಕೊಟ್ಬಿಡ್ಬೇಡಿ. ಅಷ್ಟು ಕಮ್ಮಿಗೆ ಅದು ಯಾಕೆ ಬಂದಿದೆ ಅಂದ್ರೆ, ಮೂರನೇ ಓನರ್ ಕೈಲಿ ಅದನ್ನ ಸಾಕೋದು ಕಷ್ಟ ಅಂತ ಮಾರ್ಕೆಟ್‌ಗೆ ಆಗ್ಲೇ ಗೊತ್ತಿದೆ.

ಸೋ ಬಜೆಟ್ 7 ಲಕ್ಷ ಅಂದ್ರೆ ಗಾಡಿಗೆ 6 ಲಕ್ಷ ಮಾತ್ರ ಅಂತ ಫಿಕ್ಸ್ ಮಾಡ್ಕೊಳ್ಳಿ. ಮಿಕ್ಕಿದ 1 ಲಕ್ಷ ಮೊದಲ ವರ್ಷಕ್ಕೆ. ಅದರಲ್ಲಿ ಇನ್ಶೂರೆನ್ಸ್, ಆರ್‌ಸಿ ಟ್ರಾನ್ಸ್‌ಫರ್, ಆಯಿಲ್ ಮತ್ತೆ ಎಲ್ಲಾ ಫಿಲ್ಟರ್, ಬ್ರೇಕ್ ಪ್ಯಾಡ್, ಬ್ಯಾಟರಿ, ಬಹುಶಃ ನಾಲ್ಕು ಟೈರು. ಎಕ್ಸ್‌ಯುವಿ 500 ಥರದ್ದಕ್ಕೆ 17 ಇಂಚಿನ ಟೈರು ನಾಲ್ಕೂ ಬದಲಾಯಿಸಿದ್ರೆ 40 ಸಾವಿರದ ಆಸುಪಾಸು ಹೋಗುತ್ತೆ. ಈ 1 ಲಕ್ಷ ಇಟ್ಕೊಳ್ದೆ ಪೂರ್ತಿ ದುಡ್ಡು ಗಾಡಿಗೇ ಸುರಿದ್ರೆ ಮೂರನೇ ತಿಂಗಳಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಬೇಕಾಗುತ್ತೆ.

ಇನ್ನೊಂದು, ಸೆಕೆಂಡ್ ಹ್ಯಾಂಡ್ ಹುಡುಕೋಕೆ ಮುಂಚೆ ಅದೇ ಗಾಡಿಯ ಇವತ್ತಿನ ಹೊಸ ಆನ್-ರೋಡ್ ರೇಟ್ ಒಂದ್ಸಲ ಶೋರೂಮಲ್ಲಿ ಬರೆಸ್ಕೊಂಡು ಬನ್ನಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ ನಾಲ್ಕು ಮೀಟರ್ ಒಳಗಿನ ಸಣ್ಣ ಇಂಜಿನ್ ಗಾಡಿಗಳಿಗೆ 28 ಇದ್ದಿದ್ದು 18 ಪರ್ಸೆಂಟ್ ಆಯ್ತು, ದೊಡ್ಡವಕ್ಕೂ ಸೆಸ್ ಹೋಗಿ 40ಕ್ಕೆ ನಿಂತಿದೆ. ಹೊಸದರ ರೇಟ್ ಇಳಿದಿದೆ, ಆದ್ರೆ ಮಾರೋರು ಇನ್ನೂ ಹಳೇ ಇನ್ವಾಯ್ಸ್ ತೋರಿಸಿ "ನಾನು ಇಷ್ಟಕ್ಕೆ ತಗೊಂಡಿದ್ದೆ ಸಾರ್" ಅಂತ ಲೆಕ್ಕ ಹೇಳ್ತಾರೆ. ಅವರು ತಗೊಂಡಿದ್ದು ಎಷ್ಟಕ್ಕೆ ಅನ್ನೋದು ನಿಮಗೆ ಬೇಡ, ಇವತ್ತು ಹೊಸದು ಎಷ್ಟು ಅನ್ನೋದು ಬೇಕು. ಎರಡು ವರ್ಷ ಹಳೇ ಗಾಡಿಗೂ ಹೊಸದಕ್ಕೂ ಒಂದೂವರೆ ಲಕ್ಷ ಮಾತ್ರ ವ್ಯತ್ಯಾಸ ಇದ್ರೆ ಹಳೇದು ತಗೊಳ್ಳೋದ್ರಲ್ಲಿ ಅರ್ಥ ಇಲ್ಲ. ನನ್ನ ಪ್ರಕಾರ ಐದರಿಂದ ಎಂಟು ವರ್ಷದ ಗಾಡಿ ಒಳ್ಳೇ ಬೆಲೆಗೆ ಸಿಗೋದು, ದೊಡ್ಡ ಇಳಿತ ಆಗಿರುತ್ತೆ, ಇನ್ನೂ ಏಳರಿಂದ ಹತ್ತು ವರ್ಷ ಆರ್‌ಸಿ ಇರುತ್ತೆ.

ಈಗ ಮನೆ ವಿಷಯ. ಫ್ಯಾಮಿಲಿ ಗಾಡಿ ಅಂತ ಎಲ್ಲರೂ ಹೇಳ್ತಾರೆ, ನೋಡೋಕೆ ಮಾತ್ರ ಇಬ್ಬರು ಗಂಡಸರು ಹೋಗಿ ಬಾನೆಟ್ ಎತ್ತಿ ಬರ್ತಾರೆ. ದಯವಿಟ್ಟು ಅಮ್ಮನ್ನೋ ಅಜ್ಜಿನ್ನೋ ಕರ್ಕೊಂಡು ಹೋಗಿ. ಮಂಡಿ ನೋವಿರೋರು ಹಿಂದಿನ ಸೀಟಿಗೆ ಹತ್ತೋಕೆ ಕಾಲು ಎಷ್ಟು ಎತ್ತಬೇಕು, ಹಿಡ್ಕೊಳ್ಳೋಕೆ ಹ್ಯಾಂಡಲ್ ಇದೆಯಾ, ಸೀರೆ ಉಟ್ಕೊಂಡು ಇಳಿಯೋವಾಗ ಏನಾಗುತ್ತೆ, ಇದನ್ನ ಯಾವ ವಿಡಿಯೋ ರಿವ್ಯೂನಲ್ಲೂ ತೋರಿಸಲ್ಲ. ಸ್ಕಾರ್ಪಿಯೋ ಗಟ್ಟಿ ಗಾಡಿನೇ, ಆದ್ರೆ ನೆಲ ಎತ್ತರ, ವಯಸ್ಸಾದೋರಿಗೆ ದಿನಾ ಹತ್ತಿ ಇಳಿಯೋದು ಹಿಂಸೆ. ಬ್ರೆಝಾ, ಕ್ರೆಟಾ, ನೆಕ್ಸಾನ್ ಇವಕ್ಕೆ ಸೊಂಟ ಸೀದಾ ಸೀಟಿನ ಮೇಲೆ ಹೋಗುತ್ತೆ, ಏರೋದೂ ಬೇಡ ಕುಸಿಯೋದೂ ಬೇಡ.

ಏಳು ಸೀಟು ಬೇಕೇ ಬೇಕು ಅನ್ನೋರು ವರ್ಷದಲ್ಲಿ ಎಷ್ಟು ದಿನ ಏಳು ಜನ ಕೂರ್ತೀರ ಅಂತ ಪ್ರಾಮಾಣಿಕವಾಗಿ ಎಣಿಸಿ. ಧರ್ಮಸ್ಥಳಕ್ಕೊಂದು, ತಿರುಪತಿಗೊಂದು, ಊರಹಬ್ಬಕ್ಕೊಂದು ಅಷ್ಟೇ ಆದ್ರೆ ಆ ದಿನಕ್ಕೆ ಒಂದು ಇನ್ನೋವಾ ಬಾಡಿಗೆಗೆ ತಗೊಂಡ್ರೂ ದುಡ್ಡು ಉಳಿಯುತ್ತೆ. ಮೂರನೇ ಸಾಲು ಎತ್ತಿದ್ರೆ ಬಹುತೇಕ ಗಾಡಿಗಳಲ್ಲಿ ಡಿಕ್ಕಿ ಅನ್ನೋದು ಎರಡು ಬ್ಯಾಗಿಗೂ ಸಾಲಲ್ಲ, ಏಳು ಜನಾನೂ ಏಳು ಜನರ ಲಗೇಜೂ ಒಟ್ಟಿಗೆ ಆಗಲ್ಲ, ಮೇಲೆ ಕ್ಯಾರಿಯರ್ ಹಾಕಿಸ್ಬೇಕು. ಎಕ್ಸ್‌ಯುವಿ 500 ಮೂರನೇ ಸಾಲಲ್ಲಿ ದೊಡ್ಡೋರು ಕೂತ್ರೆ ಮಂಡಿ ಎದೆ ಹತ್ರ ಬರುತ್ತೆ. ನಿಜವಾಗ್ಲೂ ಆರೇಳು ಜನ ಆಗಾಗ ಓಡಾಡೋ ಮನೆ ಆದ್ರೆ ಎಸ್‌ಯುವಿ ಅನ್ನೋ ಹೆಸರು ಬಿಟ್ಟು ಎರ್ಟಿಗಾ ನೋಡಿ, 2018ರ ನವೆಂಬರಲ್ಲಿ ಬಂದ ಎರಡನೇ ಜನರೇಶನ್ ಎರ್ಟಿಗಾದ ಮೂರನೇ ಸಾಲು ಈ ಬಜೆಟ್ಟಲ್ಲಿ ಸಿಗೋ ಬಹಳಷ್ಟು ಎಸ್‌ಯುವಿಗಳಿಗಿಂತ ವಾಸಿ. ನೋಡೋಕೆ ಗತ್ತು ಇಲ್ಲ ಅನ್ಬಹುದು, ಆದ್ರೆ ಹಿಂದೆ ಕೂತೋರು ಶಾಪ ಹಾಕಲ್ಲ.

ಪೆಟ್ರೋಲಾ ಡೀಸೆಲ್ಲಾ? ಇದಕ್ಕೆ ಲೆಕ್ಕ ಹಾಕಿದ್ರೆ ಸಾಕು, ವಾದ ಬೇಡ. ವರ್ಷಕ್ಕೆ 12,000 ಕಿಲೋಮೀಟರ್ ಓಡ್ಸೋರು ಅಂದ್ಕೊಳ್ಳಿ. ಪೆಟ್ರೋಲ್ ಎಸ್‌ಯುವಿ 12 ಮೈಲೇಜ್ ಕೊಟ್ರೆ 1,000 ಲೀಟರ್, ಲೀಟರಿಗೆ 102 ಹಿಡಿದ್ರೆ 1,02,000 ರೂಪಾಯಿ. ಡೀಸೆಲ್ 16 ಕೊಟ್ರೆ 750 ಲೀಟರ್, 91ರ ಹಾಗೆ 68,000 ಚಿಲ್ರೆ. ವರ್ಷಕ್ಕೆ 34 ಸಾವಿರ ಉಳೀತು. ಅದೇ ನೀವು 6,000 ಮಾತ್ರ ಓಡ್ಸೋರಾದ್ರೆ ಉಳಿಯೋದು 17 ಸಾವಿರ, ಅದು ಡೀಸೆಲ್ ಗಾಡಿಗೆ ಕೊಡೋ ಹೆಚ್ಚಿನ ಬೆಲೆ, ಹೆಚ್ಚಿನ ಸರ್ವಿಸ್ ಬಿಲ್ಲು, ಯಾವತ್ತೋ ಬರೋ ಟರ್ಬೋ ಇಂಜೆಕ್ಟರ್ ಖರ್ಚಿಗೆ ಸರಿ ಹೋಗುತ್ತೆ. ವಾರದ ಐದು ದಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ನಿಂತು ವಾರಾಂತ್ಯ ಮಾತ್ರ ಹೈವೇ ಹೋಗೋರಿಗೆ ಪೆಟ್ರೋಲೇ ಸರಿ. ಹುಬ್ಬಳ್ಳಿ-ಬೆಂಗಳೂರು, ಶಿವಮೊಗ್ಗ-ಬೆಂಗಳೂರು ಅಂತ ತಿಂಗಳಿಗೆ ಎರಡ್ಮೂರು ಸಲ ಓಡಾಡೋರಿಗೆ ಡೀಸೆಲ್.

ಆದ್ರೆ ಡೀಸೆಲ್ಲಲ್ಲೂ ಒಂದು ಗೆರೆ ಇದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ಅದಾದ್ಮೇಲಿನ ಡೀಸೆಲ್ ಗಾಡಿಗಳಿಗೆ ಸೈಲೆನ್ಸರ್ ಲೈನಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ, ಹೊಗೆಯ ಮಸಿ ಹಿಡಿದಿಟ್ಕೊಂಡು ಬಿಸಿ ಆದಾಗ ಸುಟ್ಟು ಹಾಕುತ್ತೆ. ಆ ಬಿಸಿ ಬರ್ಬೇಕಂದ್ರೆ ಗಾಡಿ ಹೈವೇಲಿ ಒಂದೇ ಸ್ಪೀಡಲ್ಲಿ ಸ್ವಲ್ಪ ಹೊತ್ತು ಓಡ್ಬೇಕು. ಮಕ್ಕಳನ್ನ ಸ್ಕೂಲಿಗೆ ಬಿಟ್ಟು ತರಕಾರಿ ತಗೊಂಡು ವಾಪಸ್ ಬರೋ ಓಡಾಟದಲ್ಲಿ ಅದು ಕಟ್ಕೊಳ್ಳುತ್ತೆ, ಬದಲಾಯಿಸೋದು ಸಣ್ಣ ಖರ್ಚಲ್ಲ. ಸಿಟೀಲೇ ಓಡಿದ ಬಿಎಸ್-6 ಡೀಸೆಲ್ ಸಿಕ್ರೆ ಡ್ಯಾಶ್‌ಬೋರ್ಡಲ್ಲಿ ಡಿಪಿಎಫ್ ಲೈಟ್ ಯಾವಾಗಾದ್ರೂ ಬಂದಿತ್ತಾ, ಸರ್ವಿಸಲ್ಲಿ ರೀಜನರೇಶನ್, ಅಂದ್ರೆ ಆ ಮಸಿ ಸುಡಿಸೋದು, ಮಾಡ್ಸಿದ್ರಾ ಕೇಳಿ. ಬಿಎಸ್-4 ಡೀಸೆಲ್ ಬಹುತೇಕ ಈ ತಲೆನೋವು ಇಲ್ದಿರೋದು.

ಈ ಬಜೆಟ್ಟಲ್ಲಿ ನಾನು ಸುತ್ತಿ ನೋಡಿದ್ರಲ್ಲಿ ಮಾರುತಿ ವಿಟಾರಾ ಬ್ರೆಝಾ ಡೀಸೆಲ್ ಬಗ್ಗೆ ಧೈರ್ಯವಾಗಿ ಹೇಳ್ತೀನಿ. 2016ರ ಮಾರ್ಚಲ್ಲಿ ಬಂತು, 2020ರವರೆಗೆ ಡೀಸೆಲ್ ಒಂದೇ, ಸ್ವಿಫ್ಟು ಡಿಸೈರು ಎಲ್ಲದರಲ್ಲೂ ಇದ್ದ ಅದೇ 1.3 ಲೀಟರ್ ಇಂಜಿನ್ನು, ಹಂಗಾಗಿ ಹಾಸನದಲ್ಲಾಗ್ಲಿ ಸಿಂಧನೂರಲ್ಲಾಗ್ಲಿ ಅದನ್ನ ಬಿಚ್ಚಿ ಜೋಡಿಸೋ ಮೆಕ್ಯಾನಿಕ್ ಸಿಕ್ತಾರೆ, ಪಾರ್ಟು ಪಕ್ಕದ ಅಂಗಡೀಲೇ ಸಿಗುತ್ತೆ, ಟೈಮಿಂಗ್ ಚೈನ್ ಆದ್ರಿಂದ ಬೆಲ್ಟ್ ಬದಲಾಯಿಸೋ ಖರ್ಚೂ ಇಲ್ಲ. 2,000 ಆರ್‌ಪಿಎಂ ಕೆಳಗೆ ಎಳೆಯಲ್ಲ, ಘಾಟಲ್ಲಿ ಗೇರ್ ಇಳಿಸ್ತಾ ಇರ್ಬೇಕು, ಒಳಗೆ ಸದ್ದು ಸ್ವಲ್ಪ ಜಾಸ್ತಿ. ಅದು ಬಿಟ್ರೆ ಸಾಕೋಕೆ ಇದಕ್ಕಿಂತ ಸುಲಭದ್ದು ಈ ಸೈಜಲ್ಲಿ ಕಾಣೆ. ಕಿರಿಕಿರಿ ಏನಂದ್ರೆ ಎಲ್ಲರಿಗೂ ಇದು ಗೊತ್ತಿರೋದ್ರಿಂದ ರೇಟ್ ಬಿಡಲ್ಲ.

ನೆಕ್ಸಾನ್ 2017ರ ಸೆಪ್ಟೆಂಬರಲ್ಲಿ ಬಂದಿದ್ದು, 2018ರ ಕೊನೇಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಸಂಸ್ಥೆಯ ಕ್ರ್ಯಾಶ್ ಟೆಸ್ಟಲ್ಲಿ ದೊಡ್ಡೋರ ಸೇಫ್ಟಿಗೆ 5 ಸ್ಟಾರ್ ತಗೊಂಡಿತು. ಮಕ್ಕಳಿರೋ ಮನೆಗೆ ನಾನು ಮೊದಲು ಹೇಳೋ ಹೆಸರು. ಆದ್ರೆ ಗಾಡಿ ಗಾಡಿಗೂ ವ್ಯತ್ಯಾಸ ಜಾಸ್ತಿ, ಸ್ಕ್ರೀನು, ಪವರ್ ವಿಂಡೋ, ಡೋರ್ ರಬ್ಬರ್ ಒಂದೊಂದೂ ಕೈಯಾರೆ ಚೆಕ್ ಮಾಡಿ ತಗೊಳ್ಳಿ. ಹಳೇ ಗಾಡಿಗಳಲ್ಲಿ ವೇರಿಯಂಟ್ ಬಹಳ ಮುಖ್ಯ ಅನ್ನೋದೂ ಇಲ್ಲೇ ಹೇಳ್ಬಿಡ್ತೀನಿ. ಜೋರಾಗಿ ಬ್ರೇಕ್ ಒತ್ತಿದ್ರೆ ಚಕ್ರ ಲಾಕ್ ಆಗದಂತೆ ತಡೆಯೋ ಎಬಿಎಸ್ 2019ರ ಏಪ್ರಿಲಿಂದ, ಡ್ರೈವರ್ ಏರ್‌ಬ್ಯಾಗ್ 2019ರ ಜುಲೈಯಿಂದ ಕಡ್ಡಾಯ ಆಗಿದ್ದು, ಪಕ್ಕದ ಸೀಟಿನ ಏರ್‌ಬ್ಯಾಗ್ ಅದಕ್ಕಿಂತ ತಡ. ಅದಕ್ಕೂ ಹಿಂದಿನ ಬೇಸ್ ಮಾಡೆಲ್‌ಗಳಲ್ಲಿ ಏರ್‌ಬ್ಯಾಗೇ ಇಲ್ದೆ ಇರೋವು ಇವೆ. ರೆನೋ ಡಸ್ಟರನ್ನೇ ನೋಡಿ, ಏರ್‌ಬ್ಯಾಗ್ ಇಲ್ಲದ್ದು 2017ರ ಗ್ಲೋಬಲ್ ಎನ್‌ಕ್ಯಾಪ್ ಟೆಸ್ಟಲ್ಲಿ ಸೊನ್ನೆ ಸ್ಟಾರ್. 30 ಸಾವಿರ ಉಳಿಸೋಕೆ ಹೋಗಿ ಏರ್‌ಬ್ಯಾಗ್ ಇಲ್ದಿರೋ ಗಾಡೀಲಿ ಮಕ್ಕಳನ್ನ ಕೂರಿಸ್ಬೇಡಿ, ಇದರಲ್ಲಿ ರಾಜಿ ಬೇಡ.

ಡಸ್ಟರ್ ಬಗ್ಗೆ ಬಂತಲ್ಲ. 205 ಎಂಎಂ ಗ್ರೌಂಡ್ ಕ್ಲಿಯರೆನ್ಸ್, ಸಸ್ಪೆನ್ಷನ್ ಅಂತೂ ಇವತ್ತಿಗೂ ಅದನ್ನ ಹೊಡೆಯೋದು ಕಷ್ಟ. ಕೊಪ್ಪ, ಮೂಡಿಗೆರೆ ಕಡೆ ಎಸ್ಟೇಟ್ ರೋಡಲ್ಲಿ ದಿನಾ ಓಡಾಡೋರಿಗೆ ಬಿಡೋಕೆ ಮನಸ್ಸು ಬರಲ್ಲ. ಡೀಸೆಲ್ಲಿಗೆ ಟೈಮಿಂಗ್ ಬೆಲ್ಟ್ ಇದೆ, ಅದು ಯಾವಾಗ ಬದಲಾಯಿಸಿದ್ದು ಅಂತ ಬಿಲ್ ಕೇಳಿ, ಬಿಲ್ ಇಲ್ಲ ಅಂದ್ರೆ ಬದಲಾಯಿಸಿಲ್ಲ ಅಂತಾನೇ ಲೆಕ್ಕ ಇಟ್ಕೊಂಡು ಆ ಖರ್ಚು ರೇಟಲ್ಲಿ ಕಳೀರಿ, ಯಾಕಂದ್ರೆ ಬೆಲ್ಟ್ ಕಿತ್ರೆ ಇಂಜಿನ್ನೇ ಬಿಚ್ಚಬೇಕು. ಆ ಹಳೇ ಡಸ್ಟರ್ ಇಲ್ಲಿ ತಯಾರಾಗೋದು 2022ರಲ್ಲಿ ನಿಂತಿದೆ, ನಿಮ್ಮ ಊರಿಂದ ಸರ್ವಿಸ್ ಸೆಂಟರ್ ಎಷ್ಟು ದೂರ ಅಂತ ನೋಡ್ಕೊಳ್ಳಿ. ಇಕೋಸ್ಪೋರ್ಟ್‌ಗೂ ಅದೇ ಮಾತು, ಫೋರ್ಡ್ 2021ರ ಸೆಪ್ಟೆಂಬರಲ್ಲಿ ಇಲ್ಲಿ ಗಾಡಿ ಮಾಡೋದು ನಿಲ್ಸ್ತೀವಿ ಅಂತ ಹೇಳ್ತು, ಅದಕ್ಕೇ ರೇಟ್ ಬಿದ್ದಿದೆ, ಗಾಡಿ ಓಡ್ಸೋಕೆ ಮಾತ್ರ ಚಿನ್ನ. 1.5 ಡೀಸೆಲ್ ಮ್ಯಾನುಯಲ್ ಸಿಕ್ರೆ ನೋಡಿ. 2017ರ ಫೇಸ್‌ಲಿಫ್ಟಿಗಿಂತ ಹಿಂದಿನ ಪೆಟ್ರೋಲ್ ಆಟೋಮ್ಯಾಟಿಕ್, ಅದೇ ಪವರ್‌ಶಿಫ್ಟ್ ಡ್ಯುಯಲ್ ಕ್ಲಚ್, ಅದನ್ನ ಎಷ್ಟು ಕಮ್ಮಿಗೆ ಕೊಟ್ರೂ ಬೇಡ. ಬರೀ ಐದು ಜನ, ಹಿಂದಿನ ಸೀಟಲ್ಲಿ ಮೂರು ಜನ ಆರಾಮಾಗಿ ಕೂರೋಕೆ ಇಕೋಸ್ಪೋರ್ಟ್ ಸಾಲಲ್ಲ, ಅದನ್ನೂ ತಿಳ್ಕೊಳ್ಳಿ.

ಕ್ರೆಟಾ 2015ರ ಜುಲೈಯಲ್ಲಿ ಬಂದಿದ್ದು. 1.6 ಡೀಸೆಲ್ ಒಳ್ಳೇ ಇಂಜಿನ್, ಬಜೆಟ್ ಸ್ವಲ್ಪ ಎಳೀಬೇಕು. ಹಳೇ ಇನ್ನೋವಾ ಬಗ್ಗೆ ಎಲ್ಲರೂ ಕೇಳ್ತಾರೆ, ಈ ದುಡ್ಡಿಗೆ ಬರೋದು 2010-13ರ ಆಸುಪಾಸಿನದ್ದು, ಎರಡು ಮೂರು ಲಕ್ಷ ಕಿಲೋಮೀಟರ್ ಓಡಿರುತ್ತೆ, ಇಂಜಿನ್ ಅಷ್ಟಕ್ಕೆಲ್ಲ ಜಗ್ಗಲ್ಲ ನಿಜ. ಆದ್ರೆ ಪ್ರೈವೇಟ್ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಎಫ್‌ಸಿ ಮಾಡಿಸಿ ಗ್ರೀನ್ ಟ್ಯಾಕ್ಸ್ ಕಟ್ಟಿ ಐದೈದು ವರ್ಷ ಎಳೆಸ್ಬೇಕು. 2011ರ ಗಾಡಿ ಇವತ್ತು ತಗೊಂಡ್ರೆ ತಕ್ಷಣ ಆ ಕೆಲಸ ಹೆಗಲಿಗೆ ಬರುತ್ತೆ. ಅದರ ಮೇಲೆ ಬಹಳಷ್ಟು ಇನ್ನೋವಾಗಳು ಒಂದು ಕಾಲಕ್ಕೆ ಯೆಲ್ಲೋ ಬೋರ್ಡಲ್ಲಿ ಓಡಿ ಆಮೇಲೆ ವೈಟ್ ಬೋರ್ಡ್ ಮಾಡಿಸ್ಕೊಂಡವು. ಎರ್ಟಿಗಾದಲ್ಲೂ ಇದು ಇದೆ. ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿದ್ರೆ ಗಾಡಿಯ ಪೂರ್ತಿ ಜಾತಕ ಬರುತ್ತೆ.

ಮೀಟರ್ ತಿರುಗಿಸೋದು ಈಗ ಲ್ಯಾಪ್‌ಟಾಪ್ ಇರೋರಿಗೆ ಹತ್ತು ನಿಮಿಷದ ಕೆಲಸ, ಹಂಗಾಗಿ ಓಡೋಮೀಟರ್ ನಂಬರ್ ನೋಡಿ ಗಾಡಿ ತಗೋಬೇಡಿ. ರಿಜಿಸ್ಟ್ರೇಷನ್ ನಂಬರ್ ಇಟ್ಕೊಂಡು ಕಂಪನಿ ಸರ್ವಿಸ್ ಸೆಂಟರ್‌ಗೆ ಓನರ್ ಜೊತೆಗೇ ಹೋಗಿ, ಪ್ರತಿ ಸರ್ವಿಸಿನ ತಾರೀಖು ಮತ್ತೆ ಕಿಲೋಮೀಟರ್ ಅವರ ಸಿಸ್ಟಮಲ್ಲಿ ಇರುತ್ತೆ. 2021ರಲ್ಲಿ 88,000 ಇದ್ದ ಗಾಡಿ ಈಗ 62,000 ತೋರಿಸ್ತಿದ್ರೆ ಮಾತು ಅಲ್ಲಿಗೇ ಮುಗೀತು. ಹೊರಗಡೆ ಸರ್ವಿಸ್ ಮಾಡ್ಸಿದ್ರೆ ಒಳಗಿನ ಸವಕಲು ನೋಡಿ. ಕ್ಲಚ್ ಪೆಡಲ್ಲಿನ ರಬ್ಬರ್, ಸ್ಟೀರಿಂಗಿನ ಹತ್ತು-ಎರಡು ಗಂಟೆ ಜಾಗ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು. 40,000 ಓಡಿದ ಗಾಡೀಲಿ ಈ ಮೂರೂ ನುಣ್ಣಗೆ ಸವೆದಿರೋಕೆ ಸಾಧ್ಯ ಇಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು. ಸ್ಟೆಪ್ನಿ ಟೈರೂ ನೋಡಿ.

ಇನ್ನು ಇನ್ಶೂರೆನ್ಸ್ ಪಾಲಿಸಿ. ಇದನ್ನ ಯಾರೂ ಓದಲ್ಲ, ಗಾಡಿಯ ಅರ್ಧ ಕತೆ ಅದರಲ್ಲೇ ಇರುತ್ತೆ. ಅದರಲ್ಲಿ ನೋ ಕ್ಲೇಮ್ ಬೋನಸ್ ಅಂತ ಒಂದು ಸಾಲು ಇರುತ್ತೆ. ಒಂದು ವರ್ಷ ಕ್ಲೇಮ್ ಮಾಡ್ದಿದ್ರೆ 20 ಪರ್ಸೆಂಟ್, ಆಮೇಲೆ 25, 35, 45, ಐದು ವರ್ಷಕ್ಕೆ 50. ಆರು ವರ್ಷದ ಸಿಂಗಲ್ ಓನರ್ ಗಾಡಿ, "ಒಂದು ಗೀರೂ ಬಿದ್ದಿಲ್ಲ ಸಾರ್" ಅಂತಾರೆ, ಪಾಲಿಸೀಲಿ ಬೋನಸ್ 0 ಅಂತಿದೆ ಅಂದ್ರೆ ಹೋದ ವರ್ಷ ಏನೋ ಆಗಿದೆ, ಇಲ್ಲಾ ಪಾಲಿಸಿ ಮೂರು ತಿಂಗಳ ಮೇಲೆ ಲ್ಯಾಪ್ಸ್ ಆಗಿತ್ತು. ಎರಡ್ರಲ್ಲಿ ಯಾವುದು ಅಂತ ಕೇಳಿ, ಕ್ಲೇಮ್ ಆಗಿದ್ರೆ ಆ ಬಿಲ್ ತೋರಿಸಿ ಅನ್ನಿ. ಬಂಪರ್ ಬದಲಾಯಿಸಿದ್ರೆ ಪರವಾಗಿಲ್ಲ.

ಗಾಡಿ ಎಲ್ಲಿಂದ ಬಂತು ಅನ್ನೋದೂ ಅಷ್ಟೇ ಮುಖ್ಯ. ಮಂಗಳೂರು, ಉಡುಪಿ, ಕಾರವಾರದ ಗಾಡಿ ಬೇಡ ಅಂತಲ್ಲ, ಉಪ್ಪು ಗಾಳಿಗೆ ಅಡಿಭಾಗ ತುಕ್ಕು ಹಿಡಿದಿರುತ್ತೆ, ಲಿಫ್ಟ್ ಮೇಲೆ ಎತ್ತಿಸಿ ಸೈಲೆನ್ಸರ್, ಬ್ರೇಕ್ ಲೈನ್, ಸಸ್ಪೆನ್ಷನ್ ಕೂರೋ ಜಾಗ ನೋಡಿ ತಗೊಳ್ಳಿ. ದೆಹಲಿ ಗಾಡಿ ಬೇರೆ ವಿಷಯ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದಾಗಿಂದ ಎಂಟೊಂಬತ್ತು ವರ್ಷದ ಡೀಸೆಲ್ ಎಸ್‌ಯುವಿಗಳು ಅಲ್ಲಿ ಅಗ್ಗಕ್ಕೆ ಸಿಕ್ಕಿ ಇಲ್ಲಿಗೆ ಇಳೀತಾವೆ, ನಮ್ಮೂರ ಗಾಡಿಗಿಂತ ಒಂದೂವರೆ ಎರಡು ಲಕ್ಷ ಕಮ್ಮಿ ಹೇಳ್ತಾರೆ. ಆದ್ರೆ ಎನ್‌ಒಸಿ ತಂದು ಇಲ್ಲಿ ರಿಜಿಸ್ಟರ್ ಮಾಡಿಸೋವಾಗ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ನಮ್ಮ ರಾಜ್ಯದ ಟ್ಯಾಕ್ಸ್ ದೇಶದಲ್ಲೇ ಜಾಸ್ತಿ ಇರೋ ಸಾಲಿನದ್ದು, ಹೊಸ ಗಾಡಿಗೆ 10ರಿಂದ 20 ಲಕ್ಷದ ಒಳಗಿದ್ರೆ 17 ಪರ್ಸೆಂಟ್, ಅದರ ಮೇಲೆ ಸೆಸ್. ಹಳೇ ಗಾಡಿಗೆ ವಯಸ್ಸಿನ ಪ್ರಕಾರ ಕಮ್ಮಿ ಆಗುತ್ತೆ, ಆದ್ರೆ ಲೆಕ್ಕ ಶುರು ಆಗೋದು ಗಾಡಿ ಹೊಸದಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ 5 ಲಕ್ಷದಿಂದ ಅಲ್ಲ. ಲಕ್ಷದ ಮೇಲೆ ಬಂದ್ರೂ ಆಶ್ಚರ್ಯ ಇಲ್ಲ. ಅಲ್ಲಿಗೆ ಉಳಿಸಿದ್ದು ಎಲ್ಲಿ ಹೋಯ್ತು ಲೆಕ್ಕ ಹಾಕಿ. ಮೊದಲ ಸಲ ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಕೆಎ ರಿಜಿಸ್ಟ್ರೇಷನ್ನೇ ನೋಡಿ ಅಂತ ನನ್ನ ಕಳಕಳಿಯ ಮಾತು.

ನೀರಲ್ಲಿ ಮುಳುಗಿದ ಗಾಡಿ ಇನ್ನೊಂದು. 2015ರ ಚೆನ್ನೈ, 2018ರ ಕೇರಳ ಮತ್ತೆ ಕೊಡಗು, 2022ರ ಸೆಪ್ಟೆಂಬರಲ್ಲಿ ನಮ್ಮ ಬೆಳ್ಳಂದೂರು ಯಮಲೂರು, ಎಷ್ಟು ಗಾಡಿಗಳು ಬೇಸ್‌ಮೆಂಟಲ್ಲೇ ನಿಂತಲ್ಲೇ ಮುಳುಗಿದ್ವು. ಒಣಗಿಸಿ, ಪಾಲಿಶ್ ಮಾಡಿ, ಒಳಗೆ ಸೆಂಟ್ ಹೊಡೆದ್ರೆ ಕಣ್ಣಿಗೆ ಹೊಸದರ ಥರ ಕಾಣುತ್ತೆ, ಆಮೇಲೆ ಒಂದೊಂದೇ ವೈರಿಂಗ್ ಕೈ ಕೊಡುತ್ತೆ. ಪತ್ತೆ ಮಾಡೋಕೆ ಸೀಟ್ ಬೆಲ್ಟ್ ಹಿಡ್ಕೊಳ್ಳಿ. ನಿಧಾನಕ್ಕೆ ಪೂರ್ತಿ, ಇನ್ನು ಬರಲ್ಲ ಅನ್ನೋ ತನಕ ಎಳೀರಿ. ಮೇಲಿನ ಅರ್ಧ ತೊಳೆದಿರ್ತಾರೆ, ರೀಲ್ ಒಳಗೆ ಸುತ್ಕೊಂಡಿದ್ದ ಕೊನೇ ಒಂದೂವರೆ ಅಡೀಲಿ ಮಣ್ಣಿನ ಕಂದು ಗೆರೆ ಅಡ್ಡಡ್ಡ ಕೂತಿರುತ್ತೆ, ಮುಟ್ಟಿದ್ರೆ ಗಟ್ಟಿಯಾಗಿ ಒರಟಾಗಿ ಸಿಗುತ್ತೆ. ಆಮೇಲೆ ಸೀಟ್ ಹಿಂದಕ್ಕೆ ತಳ್ಳಿ ಹಳಿ ಮೇಲಿನ ಬೋಲ್ಟ್ ನೋಡಿ, ಡಿಕ್ಕಿ ಕಾರ್ಪೆಟ್ ಎತ್ತಿ ಸ್ಟೆಪ್ನಿ ಗುಂಡಿ ಮೂಲೆ ಬೆರಳಿಂದ ಸವರಿ. ತೆಳು ಮರಳು ಬಂದ್ರೆ, ಗ್ಲಾಸ್ ಏರಿಸಿ ಎಸಿ ಹಾಕಿದಾಗ ಮುಗ್ಗಲು ವಾಸನೆ ಬಂದ್ರೆ, ನಮಸ್ಕಾರ ಹೇಳಿ ಬನ್ನಿ.

ಗಾಡಿ ನೋಡೋಕೆ ಬೆಳಿಗ್ಗೆ ಹೋಗಿ, ಬಿಸಿಲಲ್ಲಿ ನೋಡಿ, "ಸ್ಟಾರ್ಟ್ ಮಾಡಿ ಇಡ್ಬೇಡಿ, ನಾವು ಬಂದ್ಮೇಲೆ ಮಾಡಿ" ಅಂತ ಮುಂಚೆನೇ ಫೋನಲ್ಲಿ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ, ಬಿಸಿ ಇದ್ರೆ ಕೋಲ್ಡ್ ಸ್ಟಾರ್ಟಲ್ಲಿ ಏನೋ ಮುಚ್ಚಿಡ್ತಿದ್ದಾರೆ ಅನ್ನೋ ಅನುಮಾನ ಇಟ್ಕೊಳ್ಳಿ. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡ್ಸಿ ಹಿಂದೆ ನಿಂತು ಹೊಗೆ ನೋಡಿ. ನೀಲಿ ಹೊಗೆ ಬಿಡ್ತಾನೇ ಇದ್ರೆ ಇಂಜಿನ್ ಆಯಿಲ್ ಕುಡೀತಿದೆ. ಬಿಸಿ ಆದ್ಮೇಲೂ ಬಿಳಿ ಹೊಗೆ ನಿಲ್ಲದಿದ್ರೆ ಕೂಲೆಂಟ್ ಒಳಗೆ ಹೋಗ್ತಿರ್ಬಹುದು. ಆಮೇಲೆ ಇಂಜಿನ್ ಐಡಲಿಂಗಲ್ಲಿರೋವಾಗ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ ತಲೆಕೆಳಗಾಗಿ ಅಲ್ಲೇ ಸುಮ್ನೆ ಇಡಿ. ಸ್ವಲ್ಪ ಅಲ್ಲಾಡಿದ್ರೆ ಡೀಸೆಲ್ಲಿಗೆ ಸಹಜ, ಕುಣಿದು ಪಕ್ಕಕ್ಕೆ ಹಾರಿ ಬಿದ್ರೆ, ತೂತಿಂದ ಬುಸುಬುಸು ಹೊಗೆ ಬಂದ್ರೆ ಒಳಗೆ ಪಿಸ್ಟನ್ ರಿಂಗ್ ಸವೆದಿದೆ. ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಅಂತಾರೆ ಇದಕ್ಕೆ. ಅಂಥ ಗಾಡಿಗೆ ಇಂಜಿನ್ ಕೆಲಸದ ಖರ್ಚು ನಿಮ್ಮ ಆ 1 ಲಕ್ಷವನ್ನ ಒಂದೇ ಸಲಕ್ಕೆ ನುಂಗುತ್ತೆ.

ಆಕ್ಸಿಡೆಂಟ್ ಪತ್ತೆಗೆ ಬಾನೆಟ್ ಎತ್ತಿ ಎರಡೂ ಪಕ್ಕ ಫೆಂಡರ್ ಹಿಡ್ಕೊಂಡಿರೋ ಬೋಲ್ಟ್‌ಗಳನ್ನ ನೋಡಿ. ಕಂಪನೀಲಿ ಬೋಲ್ಟ್ ಹಾಕಿದ್ಮೇಲೆ ಪೇಂಟ್ ಹೊಡೀತಾರೆ, ಸ್ಪಾನರ್ ಹಾಕಿ ತಿರುಗಿಸಿದ್ರೆ ಮೂಲೆಗಳಲ್ಲಿ ಪೇಂಟ್ ಎದ್ದು ಕಬ್ಬಿಣ ಕಾಣುತ್ತೆ. ಬೋಲ್ಟ್ ತಿರುಗಿದೆ ಅಂದ್ರೆ ಫೆಂಡರ್ ಬಿಚ್ಚಿದ್ದಾರೆ, ಫೆಂಡರ್ ಬಿಚ್ಚೋದು ದೊಡ್ಡ ವಿಷಯ ಅಲ್ಲ, ಅದರ ಹಿಂದೆ ಬಾಡಿಗೆ ವೆಲ್ಡ್ ಆಗಿರೋ ಒಳ ತಗಡು, ಏಪ್ರನ್ ಅಂತಾರೆ, ಅದಕ್ಕೆ ಏಟು ಬಿದ್ದಿದೆಯಾ ಅನ್ನೋದು ವಿಷಯ. ಅಲ್ಲಿ ಕಂಪನಿ ವೆಲ್ಡಿಂಗ್ ಚುಕ್ಕಿ ಚುಕ್ಕಿಯಾಗಿ ಸಮ ಅಂತರದಲ್ಲಿರುತ್ತೆ, ಗ್ಯಾರೇಜಲ್ಲಿ ಮಾಡ್ಸಿದ್ದು ಉಂಡೆ ಉಂಡೆಯಾಗಿರುತ್ತೆ. ಏಪ್ರನ್, ಪಿಲ್ಲರ್, ಚಾಸಿ ಈ ಮೂರಕ್ಕೆ ಕೈ ಹಾಕಿರೋ ಗಾಡಿ ಬೇಡ. ಡೋರು ಬಂಪರು ಟಿಂಕರಿಂಗ್ ಪೇಂಟಿಂಗ್ ಆಗಿರೋದು ಬೆಂಗಳೂರು ಗಾಡೀಲಿ ಇದ್ದಿದ್ದೇ.

ಟೆಸ್ಟ್ ಡ್ರೈವ್ ಅಂದ್ರೆ ಬೀದಿ ಸುತ್ತಿ ಬರೋದಲ್ಲ. ಅರ್ಧ ಗಂಟೆ ಕೇಳಿ, ಕೊಡಲ್ಲ ಅಂದ್ರೆ ಬೇರೆ ಗಾಡಿ ನೋಡಿ. ಹಾಡು ಆಫ್ ಮಾಡಿ, ಗ್ಲಾಸ್ ಏರಿಸಿ, ಕಿತ್ತೋಗಿರೋ ರೋಡಲ್ಲಿ ನಿಧಾನಕ್ಕೆ ಹೋಗಿ, ಕೆಳಗಿಂದ ಟಕ್ ಟಕ್ ಅಂತ ಬಂದ್ರೆ ಲಿಂಕ್ ರಾಡು ಬುಷ್ಷು, ಸಣ್ಣ ಖರ್ಚು. ಫ್ಲೈಓವರ್ ಏರಲ್ಲಿ ಮೂರನೇ ಗೇರಲ್ಲಿ ಪೂರ್ತಿ ಒತ್ತಿ, ಆರ್‌ಪಿಎಂ ಮುಳ್ಳು ಏರಿ ಸ್ಪೀಡು ಏರದಿದ್ರೆ ಕ್ಲಚ್ ಪ್ಲೇಟ್ ಮುಗಿದಿದೆ. ಹಿಂದಿನ ಸೀಟಲ್ಲಿ ಮನೆಯವರನ್ನ ಕೂರ್ಸಿ, ಎಸಿ ಅಲ್ಲಿಗೆ ಬರ್ತಿದೆಯಾ, ತಲೆ ಸುತ್ತುತ್ತಾ ಅವರನ್ನೇ ಕೇಳಿ. ಶಿರಾಡಿ ಚಾರ್ಮಾಡಿ ತಿರುವುಗಳಲ್ಲಿ ವಾಂತಿ ಮಾಡ್ಕೊಳ್ಳೋ ಮಕ್ಕಳಿರೋ ಮನೆಗೆ ಎತ್ತರದ, ಓಲಾಡೋ ಗಾಡಿ ಬೇಡ.

ಎಲ್ಲಾ ಓಕೆ ಅನ್ಸಿದ್ಮೇಲೆ ಕೊನೇಲಿ ನಿಮ್ಮ ಮೆಕ್ಯಾನಿಕ್ ಅಥವಾ ಕಂಪನಿ ಸರ್ವಿಸ್ ಸೆಂಟರಲ್ಲಿ ಸ್ಕ್ಯಾನರ್ ಹಾಕಿ, ಲಿಫ್ಟ್ ಮೇಲೆ ಎತ್ತಿ ಚೆಕ್ ಮಾಡ್ಸಿ. ಎರಡು ಮೂರು ಸಾವಿರ ಹೋಗ್ಬಹುದು. ಮಾರೋರ ಪರಿಚಯದ ಮೆಕ್ಯಾನಿಕ್ ಬೇಡ, ಎಷ್ಟೇ ಒಳ್ಳೆಯವರಾದ್ರೂ. ನಿಮ್ಮ ಮೆಕ್ಯಾನಿಕ್ ಕೊಡೋ ಕೆಲಸಗಳ ಪಟ್ಟಿನೇ ನಿಮ್ಮ ಚೌಕಾಸಿ ಪಟ್ಟಿ. "ಸ್ವಲ್ಪ ಕಮ್ಮಿ ಮಾಡಿ" ಅಂದ್ರೆ ಐದು ಸಾವಿರ ಇಳಿಸ್ತಾರೆ, "ಟೈರಿಗೆ 32, ಬ್ಯಾಟರಿಗೆ 7, ಬೆಲ್ಟಿಗೆ ಇಷ್ಟು" ಅಂತ ಕಾಗದ ಮುಂದಿಟ್ರೆ ಮಾತೇ ಬೇರೆ ಆಗುತ್ತೆ.

ದುಡ್ಡು ಕೊಡೋ ಮುಂಚೆ ಪರಿವಾಹನ್ ವೆಬ್‌ಸೈಟಲ್ಲಿ ಆರ್‌ಸಿ ವಿವರ ತೆಗೀರಿ. ಚಾಸಿ ನಂಬರ್, ಇಂಜಿನ್ ನಂಬರ್ ಗಾಡಿ ಮೇಲಿರೋದಕ್ಕೆ ಅಂಕಿ ಅಂಕಿ ತಾಳೆ ನೋಡಿ. ಹೈಪೊಥಿಕೇಷನ್, ಅಂದ್ರೆ ಗಾಡಿ ಮೇಲೆ ಬ್ಯಾಂಕ್ ಲೋನ್ ಅಂತ ಆರ್‌ಸಿಯಲ್ಲಿ ಇದ್ರೆ ಬ್ಯಾಂಕಿನ ಎನ್‌ಒಸಿ ಮತ್ತೆ ಫಾರ್ಮ್ 35 ಬೇಕು, "ಲೋನ್ ಮುಗಿದಿದೆ, ಪೇಪರ್ ಆಮೇಲೆ ಕೊಡ್ತೀನಿ" ಅಂದ್ರೆ ದುಡ್ಡೂ ಆಮೇಲೆನೇ. ಟ್ರಾಫಿಕ್ ಫೈನ್ ಬಾಕಿ ಎಷ್ಟಿದೆ ನೋಡಿ, ಬೆಂಗಳೂರು ಗಾಡಿಗಳಲ್ಲಿ ಸಾವಿರಗಟ್ಟಲೆ ಇರುತ್ತೆ, ಅದನ್ನ ಅವರ ಕೈಲೇ ಕಟ್ಟಿಸಿ. ಟೋಕನ್ ಅಂತ ಕೊಟ್ರೆ ವಾಟ್ಸಾಪಲ್ಲಾದ್ರೂ ಒಂದು ಮೆಸೇಜ್ ಬರೆಸ್ಕೊಳ್ಳಿ, ಚೆಕಿಂಗಲ್ಲಿ ದೋಷ ಸಿಕ್ರೆ ವಾಪಸ್ ಅಂತ. ಮಿಕ್ಕಿದ್ದು ಬ್ಯಾಂಕ್ ಟ್ರಾನ್ಸ್‌ಫರ್, ಆರ್‌ಸಿಯಲ್ಲಿ ಹೆಸರಿರೋರ ಅಕೌಂಟಿಗೇ, ಬ್ರೋಕರ್ ಅಕೌಂಟಿಗಲ್ಲ.

ಓನರ್ ಹೆಸರು ಬದಲಾಯಿಸೋ ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಮಾರೋರ ಸೈನ್ ಅವತ್ತೇ ತಗೊಳ್ಳಿ. ಡೆಲಿವರಿ ನೋಟಲ್ಲಿ ತಾರೀಖಿನ ಜೊತೆ ಟೈಮೂ ಬರೀರಿ, ಮಧ್ಯಾಹ್ನ ಗಾಡಿ ಕೊಟ್ಟು ಸಂಜೆ ಏನಾದ್ರೂ ಆದ್ರೆ ಇಬ್ಬರಿಗೂ ಅದೇ ಆಧಾರ. ಆರ್‌ಸಿ ಹೆಸರು ಬದಲಾವಣೆ ಮುಂದಕ್ಕೆ ಹಾಕ್ಬೇಡಿ. ಮಾರೋರೂ ಇದನ್ನ ಹಗುರ ಮಾಡ್ಬಾರ್ದು, ಗಾಡಿ ಮಾರಿದ್ರೂ ದಾಖಲೇಲಿ ಹೆಸರಿರೋರೇ ಓನರ್, ಆಕ್ಸಿಡೆಂಟ್ ಪರಿಹಾರದ ಹೊಣೆ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡ್ಸೋಕೆ 14 ದಿನ ಟೈಮು. ಆಗ ಹಳೇ ಓನರ್‌ದು ನೋ ಕ್ಲೇಮ್ ಬೋನಸ್ ನಿಮಗೆ ಬರಲ್ಲ, ಅದು ಗಾಡಿಗಲ್ಲ ಅವರಿಗೆ ಸೇರಿದ್ದು, ಆ ವ್ಯತ್ಯಾಸ ಇನ್ಶೂರೆನ್ಸ್ ಕಂಪನಿಗೆ ನೀವು ಕಟ್ಬೇಕಾಗುತ್ತೆ, ಬಜೆಟ್ಟಲ್ಲಿ ಸೇರಿಸ್ಕೊಳ್ಳಿ.

ಗಾಡಿ ಮನೆಗೆ ಬಂದ ವಾರದಲ್ಲೇ ಇಂಜಿನ್ ಆಯಿಲ್, ಎಲ್ಲಾ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಬದಲಾಯಿಸಿ, ಹಿಂದಿನೋರು ಮೊನ್ನೆ ಮಾಡ್ಸಿದೀನಿ ಅಂದಿದ್ರೂ. ಅವತ್ತಿನ ಕಿಲೋಮೀಟರ್ ಒಂದು ಪುಸ್ತಕದಲ್ಲಿ ಬರೆದಿಡಿ, ಮುಂದಿನ ಬೆಲ್ಟು ಕ್ಲಚ್ಚು ಎಲ್ಲದರ ಲೆಕ್ಕ ಅಲ್ಲಿಂದ ಶುರು. ಹಳೇ ಫಾಸ್ಟ್ಯಾಗ್ ಅವರ ಕೈಲಿ ಕ್ಲೋಸ್ ಮಾಡಿಸಿ ನಿಮ್ಮ ಹೆಸರಲ್ಲಿ ಹೊಸದು ತಗೊಳ್ಳಿ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಇಲ್ದಿದ್ರೆ ಹಾಕಿಸಿ, ಆರ್‌ಸಿಯಲ್ಲಿ ನಿಮ್ಮ ಮೊಬೈಲ್ ನಂಬರ್ ಅಪ್‌ಡೇಟ್ ಆಗಿದೆಯಾ ಪರಿವಾಹನ್‌ನಲ್ಲಿ ಇನ್ನೊಂದ್ಸಲ ನೋಡಿ, ಇಲ್ಲಾಂದ್ರೆ ನಿಮ್ಮ ಚಲನ್ ಮೆಸೇಜ್ ಹಳೇ ಓನರ್‌ಗೆ ಹೋಗ್ತಿರುತ್ತೆ.